ಲವಂಗ ಚುಚ್ಚಿದ ಚಪಾತಿ

ಆಗಿನ್ನೂ ಆಸ್ಟ್ರೇಲಿಯಾದ ಪಾಯಿಂಟ್ ಕುಕ್‌ನಲ್ಲಿ ನಮ್ಮ ಮನೆಯ ಹಿಂದೆಲ್ಲ ಖಾಲಿ ಸೈಟುಗಳೇ. ನಾನು ನಾಲ್ಕನೇ ಕ್ಲಾಸು. ದಿನಾ ಬೆಳಿಗ್ಗೆ ಅಮ್ಮ ಮೆಂತ್ಯಸೊಪ್ಪಿನ ಚಪಾತಿಗೆ ತುಪ್ಪ ಸವರಿ, ಸುರುಳಿ ಸುತ್ತಿ, ಬಿಚ್ಚಿಕೊಳ್ಳದಿರಲೆಂದು ಒಂದು ಲವಂಗ ಚುಚ್ಚಿ ಡಬ್ಬಿಗೆ ಹಾಕುತ್ತಿದ್ದಳು. ಸಂಜೆ ಖಾಲಿ ಡಬ್ಬಿ ತೆರೆದು, "ಪೂರ್ತಿ ತಿಂದ್ಯಾ ಪುಟ್ಟಿ?" ಎನ್ನುತ್ತಿದ್ದಳು.

"ಯೆಸ್ ಅಮ್ಮಾ."

ಅಪ್ಪಟ ಸುಳ್ಳು. ಪಕ್ಕದಲ್ಲಿ ಕೂರುವ ಹುಡುಗಿ ಒಮ್ಮೆ ಮೂಗು ಮುಚ್ಚಿಕೊಂಡಿದ್ದೇ ನೆಪ, ಅಂದಿನಿಂದ ಚಪಾತಿ ಕ್ಲಾಸಿನ ಕಸದ ಬುಟ್ಟಿಗೆ ಹೋಗುತ್ತಿತ್ತು. ನಾನು ಅವಳದೇ ಚಿಪ್ಸ್ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ.

ಆ ಟರ್ಮ್ ಸ್ಪೇನ್‌ನಿಂದ ಮಿಸ್ ಪಿಲಾರ್ ಎಂಬ ಟೀಚರ್ ಬಂದಿದ್ದರು. ತಮ್ಮ ದೇಶಕ್ಕೆ ಹೋದವರು ಹೇಗಿರಬೇಕೆಂಬುದೇ ಅವರ ಪಾಠ. ಪರಿಚಯವಾದವರ ಎರಡೂ ಕೆನ್ನೆಗೆ ಮುತ್ತು ಕೊಡಬೇಕಂತೆ. ಉಂಡಾದ ಮೇಲೆ ಎದ್ದು ಓಡದೆ ಮೇಜಿನ ಸುತ್ತಲೇ ಹರಟುತ್ತ ಕೂರಬೇಕಂತೆ. ಬ್ರೆಡ್ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡಬೇಕು, ನಮ್ಮಜ್ಜಿ ಹಾಗೇ ಕಲಿಸಿದ್ದು ಎಂದು ಅವರು ಹೇಳಿದಾಗ ಇಡೀ ಕ್ಲಾಸು "ಯಕ್!" ಎಂದಿತು. ಎಲ್ಲರಿಗಿಂತ ಜೋರಾಗಿ ನಾನೇ.

ಅದೇ ಟರ್ಮಿನಲ್ಲಿ ಶಾಲೆಗೆ ಪರಿಸರದ ಹುಚ್ಚು ಹಿಡಿಯಿತು. ವಾರವಿಡೀ ಕೂಡಿಟ್ಟ ಕಸವನ್ನು ಶುಕ್ರವಾರ ಮೈದಾನದಲ್ಲಿ ಟಾರ್ಪಾಲಿನ ಮೇಲೆ ಸುರಿದು, ಪ್ಲಾಸ್ಟಿಕ್ ಬೇರೆ, ಕಾಂಪೋಸ್ಟ್ ಬೇರೆ ಎಂದು ಆರಿಸುವುದು. ನಾನೋ ಗ್ರೀನ್ ಕ್ಯಾಪ್ಟನ್! ಹಸಿರು ಬ್ಯಾಡ್ಜ್ ಹಾಕಿಕೊಂಡು ಮೆರೆದಿದ್ದೇ ಮೆರೆದಿದ್ದು. ಕಸದಲ್ಲಿರುವ ಚಪಾತಿ ಯಾರದೆಂದು ಯಾರಿಗೆ ತಾನೇ ಗೊತ್ತಾಗಬೇಕು ಎಂಬ ಧೈರ್ಯ. ಒಂದು ಶುಕ್ರವಾರ ನೋಡಿದರೆ, ಸಹಾಯಕ್ಕೆ ಬಂದ ಪೇರೆಂಟ್‌ಗಳ ನಡುವೆ ಗ್ಲೌಸ್ ಹಾಕಿಕೊಂಡು ಅಮ್ಮ ನಿಂತಿದ್ದಳು.

"ನೀನ್ಯಾಕಮ್ಮಾ ಬಂದೆ?"

"ಸರ್‌ಪ್ರೈಸ್ ಕಣೇ! ನನ್ ಮಗ್ಳು ಕ್ಯಾಪ್ಟನ್ ಅಲ್ವಾ? ಲೀವ್ ಹಾಕಿ ಬಂದೆ."

ಅಷ್ಟರಲ್ಲಿ ಮಿಸ್ ಪಿಲಾರ್ ಬಂದು ಅಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟೇಬಿಟ್ಟರು. ಮೈಸೂರಿನ ನಮ್ಮಮ್ಮ ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತಳು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನಮ್ಮ ಕ್ಲಾಸಿನ ಚೀಲ ಬುಡಮೇಲಾಯಿತು. ಬಾಳೆಹಣ್ಣಿನ ಸಿಪ್ಪೆ, ಚಿಪ್ಸಿನ ಕವರುಗಳ ನಡುವೆ ಒಂದು ಸುರುಳಿ. ಇನ್ನೊಂದು. ಒಟ್ಟು ನಾಲ್ಕು, ಸೋಮವಾರದಿಂದ ಗುರುವಾರದವರೆಗಿನವು. ಬೂಷ್ಟು ಹಿಡಿದಿದ್ದರೂ ನಾಲ್ಕಕ್ಕೂ ಲವಂಗ ಹಾಗೇ ಇತ್ತು.

ಅಮ್ಮ ನನ್ನ ಕಡೆ ನೋಡಲಿಲ್ಲ. ಏನೂ ತಿಳಿಯದ ಮಿಸ್ ಪಿಲಾರ್ ಒಂದು ಸುರುಳಿ ಎತ್ತಿ, ತುಟಿಯ ಹತ್ತಿರ ತಂದು, ಗಾಳಿಯಲ್ಲೇ ಮುತ್ತಿಟ್ಟು ಕಾಂಪೋಸ್ಟ್ ಬಕೆಟ್ಟಿಗೆ ಹಾಕಿದರು. ನನ್ನೊಬ್ಬಳನ್ನು ಬಿಟ್ಟು ಹುಡುಗರೆಲ್ಲ "ಯಕ್!" ಎಂದು ಕೂಗಿದರು. ಉಳಿದ ಮೂರನ್ನು ಅಮ್ಮ ಒಂದೊಂದಾಗಿ ಆರಿಸಿ, ಹಣೆಯವರೆಗೆ ಎತ್ತಿ, ಅದೇ ಬಕೆಟ್ಟಿಗೆ ಹಾಕಿದಳು. ಯಾವುದೋ ದೇಶದ ಹೆಂಗಸಿಗೆ ಮುತ್ತಿಡಬೇಕೆನಿಸಿದ ಚಪಾತಿಯನ್ನು ನಾನು ಎಸೆದಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಾರಿನಲ್ಲಿ "ಸಾರಿ ಅಮ್ಮಾ" ಎಂದೆ.

"ಇಷ್ಟ ಇಲ್ಲಾಂದ್ರೆ ಹೇಳ್ಬೋದಿತ್ತಲ್ವೇನೇ" ಎಂದಳು, ಅಷ್ಟೇ.

ಸೋಮವಾರ ಡಬ್ಬಿಯಲ್ಲಿ ಚೀಸ್ ಸ್ಯಾಂಡ್‌ವಿಚ್. ಒಂದು ಚೂರೂ ಬಿಡದೆ ತಿಂದು, ಸಂಜೆ ನಾನೇ ಡಬ್ಬಿ ತೆರೆದು ತೋರಿಸಿದೆ. ಅಮ್ಮ ಅದನ್ನು ತೊಳೆಯಲು ಹಾಕಿದಳು, ಪೂರ್ತಿ ತಿಂದ್ಯಾ ಎಂದು ಕೇಳಲಿಲ್ಲ.

ಈಗ ನನಗೆ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸ. ಮೆಂತ್ಯದ ಚಪಾತಿ ಅಂಗಡಿಯಲ್ಲೇ ಸಿಗುತ್ತದೆ, ಆಫೀಸಿನಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ. ಅಮ್ಮ ದಿನಾ ಫೋನ್ ಮಾಡುತ್ತಾಳೆ. ಮಳೆ, ರೆಂಟ್, ಅಪ್ಪನ ಮಂಡಿನೋವು, ಎಲ್ಲ ಮಾತಾಡುತ್ತಾಳೆ. ಗೆಳತಿಯರ ಅಮ್ಮಂದಿರೆಲ್ಲ ಫೋನೆತ್ತಿದೊಡನೆ ಊಟ ಆಯ್ತಾ ಎನ್ನುತ್ತಾರೆ. ನನ್ನಮ್ಮ ಅದೊಂದನ್ನು ಕೇಳುವುದಿಲ್ಲ. ಊಟ ಆಯ್ತಮ್ಮಾ ಎಂದು ನಾನೇ ಹೇಳುತ್ತೇನೆ. ಆ ಕಡೆಯಿಂದ "ಹ್ಞೂಂ" ಎಂದಷ್ಟೇ ಬರುತ್ತದೆ.