ಅರ್ಧ ಬೆರಳಿನ ಬೆಳ್ಳಿ

ಗದಗಿನ ಒಂದು ಪ್ರೆಸ್ಸಿನಲ್ಲಿ ನಾನು ಬೈಂಡಿಂಗ್ ಕೆಲಸ ಮಾಡುತ್ತಿದ್ದೆ. ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ನನ್ನ ಬಲಗೈಯ ಉಂಗುರಬೆರಳು ಅರ್ಧಕ್ಕೆ ಹೋಯಿತು. ಗಾಯ ಮಾಯಿತು, ಜನರ ಮರುಕ ಮಾಯಲಿಲ್ಲ. ಬಸ್ಸಿನಲ್ಲಿ ಟಿಕೆಟಿಗೆ ಕೈ ಚಾಚಿದರೂ ಪಕ್ಕದವರು 'ಅಯ್ಯ ಪಾಪ' ಅನ್ನುತ್ತಿದ್ದರು. ಹೊರಗೆ ಹೊರಟಾಗಲೆಲ್ಲ ಅವ್ವ ನನ್ನ ಸೆರಗು ಎಳೆದು ಕೈಮೇಲೆ ಹೊದಿಸುತ್ತಿದ್ದಳು.

ಲಕ್ಷ್ಮೇಶ್ವರದಲ್ಲಿ ತಂಗಿಯ ಮದುವೆ ಗೊತ್ತಾದಾಗ ಆ ಬೆರಳಿಗೇ ಒಂದು ಉಂಗುರ ಬೇಕು ಅನ್ನಿಸಿತು. ಬೆಟಗೇರಿಯಲ್ಲಿ ಬೆಳ್ಳಿ-ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಗೆ ಹೋಗಿ ಕೇಳಿದೆ.

"ಅದಕ್ಯಾಕವ್ವ ಉಂಗುರ? ಎದ್ದು ಕಾಣ್ತೈತಿ. ಬಾಜೂ ಬೆರಳಿಗೆ ಹಾಕ್ಕೋ."

"ಕಾಣ್ಲಿ ಅಂತನ ಕೇಳಾಕತ್ತೀನ್ರಿ."

"ನಿಲ್ಲಂಗಿಲ್ಲ, ಜಾರಿ ಬೀಳತೈತಿ" ಎಂದು ಅವರು ಮಾಡಿಕೊಡಲಿಲ್ಲ.

ಆ ಸಿಟ್ಟಿನಲ್ಲೇ ಫೋನಿನಲ್ಲಿ ಹುಡುಕಿದಾಗ ಸಿಲ್ವರ್ ಕ್ಲೇ ಕಣ್ಣಿಗೆ ಬಿತ್ತು. ಬೆಳ್ಳಿಯ ನುಣ್ಣನೆ ಪುಡಿಗೆ ಅಂಟು ಸೇರಿಸಿ ನಾದಿದ ಕಣಕ ಅದು. ಕೈಯಲ್ಲೇ ತಿದ್ದಿ, ಒಣಗಿಸಿ ಸುಟ್ಟರೆ ಅಂಟು ಉರಿದುಹೋಗಿ ಬೆಳ್ಳಿ ಉಳಿಯುತ್ತದೆ. ಪಾರ್ಸಲ್ ತರಿಸಿದೆ. "ಇದ್ಯಾವ ಮಣ್ಣಾಟ ಸುರು ಮಾಡಿದಿ?" ಎಂದು ಅವ್ವ ಬೈದಳು.

ಉಂಗುರ ಜಾರುವುದಾದರೆ ಬೇಡ, ಕೂಸಿನ ತಲೆಗೆ ಹಾಕುವ ಕುಲಾಯಿಯಂತೆ ಬೆರಳಿನ ತುದಿಯನ್ನೇ ಹಿಡಿದು ಕೂರುವಂಥದ್ದು ಮಾಡುತ್ತೇನೆ ಎಂದುಕೊಂಡೆ. ಮೊದಲನೆಯದು ಸುಟ್ಟಾಗ ಕುಗ್ಗಿ, ಬೆರಳಿಗೆ ಇಳಿಯಲೇ ಇಲ್ಲ.

"ಬಿಡವ್ವ, ದೇವರಿಗೂ ಬ್ಯಾಡಾಗೇತಿ" ಎಂದಳು ಅವ್ವ.

"ದೇವರನ್ನ ಯಾಕ ಎಳೀತಿ? ನನಗ ಬೇಕಾಗೇತಿ."

ಎರಡನೆಯದನ್ನು ಸಡಿಲವಾಗಿ ಮಾಡಿದೆ. ಹಸಿ ಇರುವಾಗಲೇ ಬೇವಿನೆಲೆ ಒತ್ತಿ ಅದರ ನರಗಳನ್ನು ಮೂಡಿಸಿದೆ. ಗ್ಯಾಸ್ ಒಲೆಯ ಮೇಲೆ ಜಾಲರಿ ಇಟ್ಟು ಸುಟ್ಟೆ. ಆರಿದ ಮೇಲೆ ಸುಣ್ಣ ಬಳಿದಂತೆ ಕಂಡಿತು. ತಂತಿ ಬ್ರಶ್ಶಿನಿಂದ ತಿಕ್ಕುತ್ತ ಹೋದಂತೆ ಬೆಳ್ಳಿ ಹೊಳೆಯತೊಡಗಿತು. ಬೆರಳಿಗೆ ಏರಿಸಿದೆ. ಕಚ್ಚಿ ಕೂತಿತು.

ಮದುವೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಾಗ ಮುಂಡರಗಿಯ ದೊಡ್ಡವ್ವ ಅದನ್ನು ಕಸಿದುಕೊಳ್ಳಲು ಬಂದಳು.

"ಊನ ಇದ್ದ ಕೈಲೆ ಬ್ಯಾಡ. ಸೆರಗ ಹೊಚ್ಚಿಕೊಂಡು ಆ ಕಡೆ ಕುಂಡ್ರು."

ನಾನು ತಟ್ಟೆ ಬಿಡಲಿಲ್ಲ. "ಈ ಕೈಲೆನ ಆಕಿಗೆ ಜಡಿ ಹಾಕೀನಿ, ಈ ಕೈಲೆನ ಅರಿಷಿಣ ಹಚ್ಚೀನಿ. ಆರತಿನೂ ಇದ ಕೈಲೆ ಆಗೋದು, ದೊಡ್ಡವ್ವ."

ತಂಗಿ ಕೂತಲ್ಲಿಂದಲೇ ಹೇಳಿದಳು: "ಅಕ್ಕ ಬೆಳಗದಿದ್ರ ನನಗ ಆರತಿನ ಬ್ಯಾಡ."

ಬೆಳಗಿದೆ. ಅವ್ವ ಬಂದು ನನ್ನ ಪಕ್ಕ ನಿಂತು ಹಾಡಿಗೆ ದನಿಗೂಡಿಸಿದಳು. ದೊಡ್ಡವ್ವ ಅವತ್ತು ನನ್ನೊಂದಿಗೆ ಮಾತಾಡಲಿಲ್ಲ, ಇವತ್ತಿಗೂ ಆಡುವುದಿಲ್ಲ. ನಾನೂ ಮಾತಾಡಿಸೆಂದು ಅವಳ ಹಿಂದೆ ಬಿದ್ದಿಲ್ಲ.

ಊಟವಾದ ಮೇಲೆ ಬೀಗರ ಕಡೆಯ ಹೆಂಗಸೊಬ್ಬಳು, ಡಂಬಳದವಳು, ನನ್ನ ಬೆರಳು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೂದಲು ಸರಿಸಿ, ಓಲೆಯ ಭಾರಕ್ಕೆ ಹರಿದ ಕಿವಿ ತೋರಿಸಿದಳು.

"ಇದಕ್ಕೇನರ ಮಾಡಾಕ ಆಗತೈತೇನವ್ವ?"

"ಆಗತೈತಿ, ಕುಂಡ್ರಿ" ಎಂದೆ. ಹೂವಿನ ಬುಟ್ಟಿಯಿಂದ ಒಂದು ದಾರ ತೆಗೆದು ಅಲ್ಲೇ ಆ ಕಿವಿಯ ಅಳತೆ ಹಿಡಿದೆ.