ಗುಡ್ಡದ ಗಿಳಿಗೆ ಕಲಿಸಿದ ಕೂಗು

ಹಸಿ ಜೋಳದ ತೆನೆ ಕೆಂಡದಲ್ಲಿ ಬೇಯುವ ವಾಸನೆ ಬಂದರೆ ಜನ ಸೀತನಿ ತಿನ್ನಲು ಕೂಡುತ್ತಾರೆ. ನಾನು ಎದ್ದು ಹೊರಗೆ ಹೋಗುತ್ತೇನೆ. ದೇವಣಗಾಂವದ ನಮ್ಮ ಮನೆ ಈಗಿಲ್ಲ, ಹೊಳೆ ಏರಿದ ವರ್ಷ ಮಣ್ಣಿನ ಗೋಡೆಗಳು ಕುಸಿದವು. ನಿಮಗೂ ಇಂಥದೊಂದು ಇಲ್ಲದ ಮನೆ ಇರಬಹುದು. ನಮ್ಮದರ ಪಡಸಾಲೆಯ ತೊಲೆಗೆ ಒಂದು ಪಂಜರ ತೂಗುತ್ತಿತ್ತು. ಒಳಗಿದ್ದದ್ದು ನಮ್ಮ ಹೊಲಗಳ ಸಣ್ಣ ಗಿಳಿಯಲ್ಲ, ಹೆಗಲ ಮೇಲೆ ಕೆಂಪು ಮಚ್ಚೆಯಿದ್ದ ಗುಡ್ಡದ ದೊಡ್ಡ ಗಿಳಿ. ಲಾರಿ ಓಡಿಸುತ್ತಿದ್ದ ಕಾಕಾ ಖಾನಾಪುರದ ಕಾಡಿಗೆ ಕಟ್ಟಿಗೆ ತರಲು ಹೋದಾಗ, ಕಡಿದು ಕೆಡವಿದ ಮರದ ಪೊಟರೆಯಲ್ಲಿ ಮೂರು ಮರಿಗಳಿದ್ದವಂತೆ. ಎರಡು ಸತ್ತಿದ್ದವು. ತಾಯಿ ಹಕ್ಕಿ ಇಡೀ ಮಧ್ಯಾಹ್ನ ಲಾರಿಯ ಮೇಲೆ ಸುತ್ತಿತು ಎಂದು ಕಾಕಾ ಹೇಳುವಾಗ ನಾವು ಯಾರೂ ಅವನ ಮುಖ ನೋಡುತ್ತಿರಲಿಲ್ಲ. "ಅಷ್ಟು ಎತ್ತರದಾಗ ಹುಟ್ಟಿದ್ದು, ನಮ್ಮ ತೊಲಿಗೆ ಜೋತು ಬಿದ್ದೈತಿ ನೋಡು," ಅನ್ನುತ್ತಿದ್ದಳು ನನ್ನ ಅಜ್ಜಿ.

ಜೋಳ ಹಾಲುಗಾಳಾದಾಗ ಕಾಕಾ ಲಾರಿ ಬಿಟ್ಟು ಹೊಲದ ಅಟ್ಟ ಹತ್ತುತ್ತಿದ್ದ. 'ಹೋಹೋ' ಎಂದು ಕೂಗಿ ಕವಣೆ ಬೀಸಿದರೆ ಹಕ್ಕಿಗಳ ಹಿಂಡು ಎದ್ದು ಹೋಗುತ್ತಿತ್ತು. ಎಂಟು ವರ್ಷದ ನನಗೆ ಆ ಕೂಗನ್ನು ಗಿಳಿಗೆ ಕಲಿಸುವ ಹುಚ್ಚು ಹಿಡಿಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಪಂಜರದ ಮುಂದೆ ಕೂತು ಹೋಹೋ ಅನ್ನುವುದು, ಒಂದು ಶೇಂಗಾ ಕೊಡುವುದು. ಕಲಿತ ಮೇಲೆ ಎಲ್ಲರೆದುರು ಕೂಗಿಸಿ ಜಂಬ ಕೊಚ್ಚಬೇಕೆಂದಿದ್ದೆ. ಆ ಹಟಮಾರಿ ಕೂಗಲು ಕಲಿಯಲೇ ಇಲ್ಲ. ಆದರೆ ಹೋಹೋ ಕೇಳಿದರೆ ಸಾಕು, ಓಡಿ ಬಂದು ಕೊಕ್ಕು ಚಾಚುತ್ತಿತ್ತು.

ಆ ಚಳಿಗಾಲ ಹೊರಗೆ ಗಿಳಿಗಳ ಸದ್ದು ಕೇಳಿದರೆ ಸಾಕು, ತಂತಿ ಕಚ್ಚಿ ಬಾಯೆಲ್ಲ ರಕ್ತ ಮಾಡಿಕೊಳ್ಳತೊಡಗಿತು. ಕಾಕಾ ತಾನೇ ಪಂಜರದ ಬಾಗಿಲು ತೆರೆದ. "ಗುಡ್ಡ ಅಂತೂ ತಿರುಗಿ ಕೊಡಾಕ ಆಗೂದಿಲ್ಲ. ತನ್ನ ಕುಲದ ಕೂಡರ ಇರ್ಲಿ," ಅಂದ.

ನಾಲ್ಕನೆಯ ದಿನ ಕಾಕಾನಿಗೆ ಬುತ್ತಿ ಕೊಡಲು ಹೊಲಕ್ಕೆ ಹೋಗಿದ್ದೆ. ಹಿಂಡು ತೆನೆಗಳ ಮೇಲೆ ಇಳಿದಿತ್ತು. ಅವನು ಕೂಗಿ ಕವಣೆ ಬೀಸಿದ. ಎಲ್ಲವೂ ಎದ್ದು ಹೊಳೆಯ ಕಡೆ ಹಾರಿದವು. ಒಂದು ಮಾತ್ರ ಕೂಗಿನ ಕಡೆಗೇ ಬಂತು. ಕಲ್ಲು ಅದರ ಎದೆಗೆ ಬಡಿಯಿತು.

ಕಾಕಾ ಅದನ್ನು ಟಾವೆಲಿನಲ್ಲಿ ಎತ್ತಿಕೊಂಡ. "ನನ್ನ ಗುರ್ತು ಹಿಡಿದು ಬಂದಿತ್ತವ್ವಾ. ನಾ ನೋಡಲಿಲ್ಲ," ಅಂದ. ನಾನು ಬುತ್ತಿಯನ್ನು ಅಟ್ಟದ ಕೆಳಗಿಟ್ಟು ಮನೆಗೆ ಓಡಿದೆ. ಆ ಹಂಗಾಮಿನಲ್ಲಿ ಅವನು ಮತ್ತೆ ಕವಣೆ ಮುಟ್ಟಲಿಲ್ಲ. ಅಟ್ಟದ ಮೇಲೆ ಸುಮ್ಮನೆ ಕೂತಿರುತ್ತಿದ್ದ, ಹಕ್ಕಿಗಳು ತಿನ್ನುತ್ತಿದ್ದವು.

ಹೋದ ವರ್ಷ ಕಾಕಾ ತೀರಿಕೊಂಡ. ಹಾಸಿಗೆ ಹಿಡಿದ ಮೇಲೂ ಮಾತಾಡಿಸಲು ಬಂದವರೆದುರು, "ಪ್ರೀತಿಲೆ ಬಂದ ಜೀವಕ್ಕ ಕಲ್ಲು ಹೊಡದೇನ್ರಿ," ಅನ್ನುತ್ತಿದ್ದ. ನಾನು ಪಕ್ಕದಲ್ಲೇ ಕೂತು ಅವನ ಕಾಲು ಒತ್ತುತ್ತಿದ್ದೆ. ಅದು ಬಂದದ್ದು ಶೇಂಗಾಕ್ಕೆ, ಕಲಿಸಿದವಳು ನಾನು ಎಂದು ಹೇಳಲು ನನಗೆ ನಲವತ್ತು ವರ್ಷ ಸಾಲಲಿಲ್ಲ.