ಸುಂದರವ್ವನ ಫಾರ್ಮಿನ ಏಳನೆಯ ಪ್ರಶ್ನೆ

ಸುಂದರವ್ವನಿಗೆ ಮುನ್ನೂರು ರೂಪಾಯಿ ಇನ್ನೂ ಬರಬೇಕು. ಕೊಡಬೇಕಾದವರು ಲಿವರಿನ ಸಂಶೋಧನೆ ಎಂದು ಬ್ಯಾನರ್ ಕಟ್ಟಿಕೊಂಡು ಬಂದ ದೊಡ್ಡ ಡಾಕ್ಟರುಗಳು. ರಕ್ತ ತೆಗೆದುಕೊಂಡರು, ದುಡ್ಡು ಕೊಡಲಿಲ್ಲ. ದುಡ್ಡು ಹಾಳಾಗಿ ಹೋಗಲಿ, ಅವರು ಅವಳಿಂದ ಕಿತ್ತುಕೊಂಡದ್ದು ಬೇರೆಯೇ ಇದೆ.

ಇಂಡಿ ತಾಲೂಕಿನಲ್ಲಿ, ಹೊರ್ತಿಯಿಂದ ಆಚೆಗಿನ ಒಂದು ಊರಿನ ಸರಕಾರಿ ಶಾಲೆಯಲ್ಲಿ ಸುಂದರವ್ವ ಹದಿನಾಲ್ಕು ವರ್ಷದಿಂದ ಬಿಸಿಯೂಟ ಬೇಯಿಸಿದವಳು. ದಲಿತ ಕೇರಿಯವಳು ಒಲೆ ಮುಟ್ಟಬಾರದೆಂದು ಮೊದಲ ವರ್ಷ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದರು. ಅವಳ ಸಾರಿನ ವಾಸನೆಗೆ ಒಂದೊಂದೇ ಡಬ್ಬಿ ನಿಂತಿತು. ಒಲೆಯ ಮುಂದಿನ ಆ ಜಾಗ ಅವಳು ಗೆದ್ದು ಪಡೆದದ್ದು.

ಮಕ್ಕಳದ್ದೆಲ್ಲ ಮುಗಿದು ಮೂರು ಗಂಟೆಗೆ ಅವಳ ಊಟ: ತಳದ ಅನ್ನ, ತಣ್ಣಗಾದ ಸಾರು. ಅಲ್ಲಿಯವರೆಗೆ ಸಕ್ಕರೆ ಸುರಿದ ಚಹಾದ ಮೇಲೆ ಬದುಕು. ಎರಡು ವರ್ಷದಿಂದ ಹೊಟ್ಟೆ ಹಲಗೆಯಂತೆ ಬಿಗಿದು, ಬಲಪಕ್ಕೆಯ ಕೆಳಗೆ ಭಾರ. ಸೋಡಾ ಪುಡಿ ಕುಡಿದು, ತೇಗಿ, ಸುಮ್ಮನಾಗುತ್ತಿದ್ದಳು.

“ಹೊಟ್ಟ್ಯಾಗ ಕೂಸ ಐತೇನ ಸುಂದ್ರಾ?” ಎಂದು ಜೊತೆಗೆ ಅಡುಗೆ ಮಾಡುವ ಸುಲ್ತಾನಬಿ ಚಾಷ್ಟಿ ಮಾಡುತ್ತಿದ್ದಳು.

“ಐವತ್ತೆರಡಕ್ಕ ಕೂಸ ಹುಟ್ಟಿದ್ರ ನಿನ್ನ ಹೆಸರs ಇಡ್ತೇನಿ. ಸುಮ್ಕ ಬ್ಯಾಳಿ ಆರಿಸು.”

ಹೋದ ವರ್ಷ ಶಾಲೆಯ ಅಂಗಳದಲ್ಲೇ ಕ್ಯಾಂಪು ಬಂತು. ಕುಡಿಯದವರ ಲಿವರಿನಲ್ಲೂ ಕೊಬ್ಬು ಏಕೆ ಸೇರುತ್ತದೆ, ಹೊಟ್ಟೆ ಏಕೆ ಕೆಡುತ್ತದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಮುಗಿಸಿ ಬಂದಿದ್ದರು. ರಕ್ತ ಕೊಟ್ಟವರಿಗೆ ಒಂದು ದಿನದ ಕೂಲಿ ಮುನ್ನೂರು, ಸ್ಕ್ಯಾನಿನ ರಿಪೋರ್ಟು, ವರ್ಷಪೂರ್ತಿ ಪುಕ್ಕಟೆ ತಪಾಸಣೆ.

ಫಾರ್ಮು ತುಂಬಲು ಟ್ಯಾಬ್ ಹಿಡಿದು ಕೂತವನು ಸಿದ್ದಲಿಂಗ. ಸಾಲಿನಲ್ಲಿ ಸುಂದರವ್ವನಿಗಿಂತ ಮುಂದಿದ್ದ ಗೌಡರ ಓಣಿಯ ಹೆಂಗಸನ್ನು ನಗುತ್ತ ಕೇಳಿದ: “ಅಕ್ಕಾರ, ತಪ್ಪ ತಿಳೀಬ್ಯಾಡ್ರಿ, ಕುಡಿಯೂದ ಗಿಡಿಯೂದ ಏನಿಲ್ಲಲ್ರಿ?”

“ಹುಚ್ಚ ಹಿಡದೈತೇನ ನಿನಗ!” ಎಂದು ಆಕೆಯೂ ನಕ್ಕಳು.

ಸುಂದರವ್ವನ ಸರದಿ.

“ಮನಿ ಎಲ್ಲಿ ನಿಂದು?”

“ಬುದ್ಧವಿಹಾರದ ಹಿಂದ್ರಿ.”

“ಹಾಂ, ಗೊತ್ತಾತು ಬಿಡು. ಇಲ್ಲಿ ಸಹಿ ಮಾಡು.”

ಒಪ್ಪಿಗೆಯ ಇಂಗ್ಲಿಷ್ ಹಾಳೆ. ಅವಳು ಸಹಿ ಮಾಡಿದಳು.

ಎರಡು ತಿಂಗಳಿಗೆ, ಶಾಲಾ ಸಮಿತಿಯ ಸಭೆ ಕೂಡಿದ ದಿನವೇ, ಸಿದ್ದಲಿಂಗ ದುಡ್ಡು, ರಿಪೋರ್ಟಿನ ಲಕೋಟೆ ತಂದು ಹಂಚಿದ. ಅವಳಿಗೆ ಮಾತ್ರ ಇಲ್ಲ.

“ನಂದೆಲ್ಲೈತ್ರಿ ಸರ?”

“ಕುಡಿಯೋರನ್ನ ಕೈಬಿಟ್ಟಾರ.”

“ಯಾರ ಕುಡಿಯೋರು?”

“ನೀನs. ಏಳನೇ ಪ್ರಶ್ನಾದಾಗ ಹೌದು ಅಂತೈತಿ.”

ಅವ್ವನ ಜೊತೆ ಬಂದಿದ್ದ ಮಗಳು ಸಂಘಮಿತ್ರಾ ಅವನ ಕೈಯ ಟ್ಯಾಬ್ ಕಸಿದು ನೋಡಿದಳು. ಟಿಕ್ಕು ಇತ್ತು.

“ನೀವು ಯಾವಾಗ ಕೇಳಿದ್ರಿ ಆಕಿನ್ನ?”

“ಆ ಓಣ್ಯಾಗ ಕೇಳೂದೇನೈತಿ?”

ಆ ಓಣಿಯಲ್ಲಿ ಕೇಳುವುದು ಬಹಳ ಇತ್ತು. ಸುಂದರವ್ವನ ಅಪ್ಪ ಚಂದ್ರಾಮ ಧಮ್ಮದೀಕ್ಷೆ ಪಡೆದು ಬಂದ ದಿನ ಮನೆಯಲ್ಲಿದ್ದ ಸೆರೆಯನ್ನೆಲ್ಲ ಗಟಾರಕ್ಕೆ ಸುರಿದಿದ್ದ. ಪಂಚಶೀಲದ ಐದನೆಯ ಮಾತು ಅಮಲಿನದನ್ನು ಮುಟ್ಟುವುದಿಲ್ಲ ಎಂಬುದು. ಏಳು ವರ್ಷದವಳಿದ್ದಾಗಿನಿಂದ ಪ್ರತಿ ರವಿವಾರ ವಿಹಾರದಲ್ಲಿ ಅವಳು ಅದನ್ನು ಹೇಳುತ್ತ, ಹೇಳಿದಂತೆ ನಡೆಯುತ್ತ ಬಂದಿದ್ದಾಳೆ. ನಲವತ್ತೈದು ವರ್ಷದ ನಡತೆಯನ್ನು ಒಂದು ಗೀಟು ಅಳಿಸಿ ಹಾಕಿತು.

“ತಿದ್ದ್ರಿ ಅದನ್ನ,” ಎಂದಳು ಸುಂದರವ್ವ.

“ಡೇಟಾ ಲಾಕ್ ಆಗೇತಿ.”

“ಕೀಲಿ ಯಾರ ಹಂತ್ಯಾಕ ಐತಿ ಹೇಳ್ರಿ. ಅವರ ಮನಿಗೇ ಹೋಗ್ತೇನಿ.”

ಸಿದ್ದಲಿಂಗ ಬೈಕು ಹತ್ತಿದ.

ಸಮಿತಿಗೆ ಹದಿನಾಲ್ಕು ವರ್ಷದಿಂದ ಬೇಕಾಗಿದ್ದ ನೆವ ಸಿಕ್ಕಿತ್ತು. “ಕುಡಿಯೂ ಹೆಂಗಸಿನ ಕೈಯಾಗಿನ ಊಟ ಮಕ್ಕಳಿಗೆ ಬ್ಯಾಡ,” ಎಂದ ಅಧ್ಯಕ್ಷ ರಾಚಪ್ಪ. ಸಂಜೆ ಸೆರೆಯ ಪಾಕೀಟು ಹರಿಯದೆ ಮನೆ ಸೇರದ ಮನುಷ್ಯ. ಅವನ ಏಳನೆಯ ಪ್ರಶ್ನೆಗೆ ‘ಇಲ್ಲ’ ಎಂದಿದೆ, ಮುನ್ನೂರೂ ಸಂದಿದೆ.

“ಆಕಿ ಒಲಿ ಮುಂದ ಇಲ್ಲಂದ್ರ ನಾನೂ ಇಲ್ಲ,” ಎಂದು ಸುಲ್ತಾನಬಿ ಎರಡು ದಿನ ಹೊರಗೆ ಕೂತಳು. ಮೂರನೆಯ ದಿನ ಒಲೆಗೆ ಮರಳಿದಳು; ಅವಳ ಮನೆಯೂ ನಡೆಯಬೇಕಿತ್ತು. ಸುಂದರವ್ವ ಅವಳನ್ನು ಬೈಯಲಿಲ್ಲ. ಈಗ ಶಾಲೆಯಲ್ಲಿ ಸುಂದರವ್ವನದು ಪಾತ್ರೆ ಬೆಳಗುವ ಕೆಲಸವಷ್ಟೇ.

ಸ್ವಂತ ದುಡ್ಡಿನಲ್ಲಿ ವಿಜಯಪುರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದಳು. ಲಿವರಿನಲ್ಲಿ ಕೊಬ್ಬು, ಎರಡನೇ ಹಂತ. ಕುಡಿಯದವರ ಕಾಯಿಲೆ ಹುಡುಕುತ್ತ ನಾಲ್ಕು ತಾಲೂಕು ಅಲೆದವರು, ಬೇಕಾದವಳೇ ಕಣ್ಣೆದುರು ಬಂದು ಕೂತಾಗ ಅವಳನ್ನು ಹೊರಗೆ ಹಾಕಿದ್ದರು. ಅದೇ ಓಣಿಯ ಇನ್ನೂ ಹತ್ತು ಫಾರ್ಮುಗಳಲ್ಲಿ ಅದೇ ಟಿಕ್ಕು ಇದೆ. ಹನ್ನೊಂದು ಜನರಲ್ಲಿ ಒಬ್ಬರನ್ನೂ ಕೇಳಿಲ್ಲ.

ಇದನ್ನು ಓದುವ ನೀವು ಡಾಕ್ಟರಿರಬಹುದು, ಫಾರ್ಮು ತುಂಬುವವರಿರಬಹುದು, ನಾಳೆ ಆ ಸಂಶೋಧನೆಯ ಸುದ್ದಿ ಪೇಪರಿನಲ್ಲಿ ನೋಡಿ ತಲೆದೂಗುವವರಿರಬಹುದು. ಅಯ್ಯೋ ಪಾಪ ಎನ್ನಬೇಡಿ, ಅದು ಅವಳಿಗೆ ಬೇಕಿಲ್ಲ. ವಿಹಾರದ ಹಿಂದಿನ ಓಣಿಗೆ ಹೋಗಿ. ಅವಳೆದುರು ಕೂತು, ಗೌಡರ ಓಣಿಯವಳನ್ನು ಕೇಳಿದ ಹಾಗೆಯೇ ‘ಅಕ್ಕಾರ’ ಎಂದು ಕರೆದು ಏಳನೆಯ ಪ್ರಶ್ನೆ ಕೇಳಿ. ಅವಳು ಏನು ಹೇಳುತ್ತಾಳೋ ಅದನ್ನು ಬರೆಯಿರಿ.